ರಿಯಾಯಿತಿಯ ಬೆಲ್ಜಿಯಂ

ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದವರಿಗೆ ಮೊದಲು ಕಾಣುವುದು ದೋಸೆ ಹಿಟ್ಟಿನ ಪಾತ್ರೆ. ಅದರ ಹಿಂದೆ ನಿನ್ನೆಯ ಹುಳಿ, ಹುಳಿಯ ಹಿಂದೆ ಮೊನ್ನೆಯ ಚಟ್ನಿ, ಮತ್ತು ಇವೆಲ್ಲದರ ಹಿಂದೆ, ಮದುವೆಮನೆಗೆ ಕರೆಯದೆ ಬಂದ ದೂರದ ನೆಂಟನ ಹಾಗೆ ಗೋಡೆಗೆ ಒತ್ತಿಕೊಂಡು ನಿಂತ ಒಂದು ಬಿಯರ್ ಬಾಟಲಿ. ಅದರ ಮೈಮೇಲೆ ಗಡ್ಡ ಬಿಟ್ಟ ಸನ್ಯಾಸಿಯೊಬ್ಬನ ಚಿತ್ರವಿದೆ. ಅಮ್ಮ ಅದನ್ನು ಮೊದಲ ಸಲ ನೋಡಿದಾಗ ಯಾವುದೋ ಮಠದ ಸ್ವಾಮಿಗಳೆಂದೇ ತಿಳಿದು ಬಾಟಲಿಯನ್ನು ತುಸು ಗೌರವದಿಂದ ಪಕ್ಕಕ್ಕೆ ಸರಿಸಿದ್ದರು. ತಿಳಿದದ್ದು ಪೂರ್ತಿ ತಪ್ಪೂ ಅಲ್ಲ. ಬೆಲ್ಜಿಯಂ ದೇಶದಲ್ಲಿ ಮಠದವರೇ ಬಿಯರು ತಯಾರಿಸುತ್ತಾರಂತೆ, ನಮ್ಮ ಕಡೆ ಮಠದಲ್ಲಿ ಪಾಯಸ ಆಗುವ ಹಾಗೆ. ಈ ಜ್ಞಾನವನ್ನು ಅಮ್ಮನಿಗೆ ಹಂಚಿದಾಗ ಅವರು, "ಹಾಗಾದ್ರೆ ಅಲ್ಲಿಗೇ ಹೋಗಿ ಸನ್ಯಾಸ ತಕೊ. ನಿನಗೆ ಹುಡುಗಿ ಹುಡುಕುವ ತಾಪತ್ರಯ ಆದ್ರೂ ತಪ್ತದೆ" ಎಂದರು.

ಈ ಸನ್ಯಾಸಿ ಕಡಲು ದಾಟಿ ಬಂದವನೆಂದು ನೀವು ಭಾವಿಸಿದರೆ ನನ್ನ ಸಂಬಳದ ಬಗ್ಗೆ ನಿಮಗಿರುವ ಅಭಿಮಾನಕ್ಕೆ ನಾನು ಋಣಿ. ಬಾಟಲಿಯ ಮುಂದುಗಡೆ ದೊಡ್ಡಕ್ಷರದಲ್ಲಿ ಬೆಲ್ಜಿಯಂ ಎಂದಿದ್ದರೆ, ಅದರ ಕೆಳಗೆ ಕನ್ನಡಕ ಹಾಕಿದರೆ ಮಾತ್ರ ಕಾಣುವಂತೆ 'ಶೈಲಿ' ಎಂದಿರುತ್ತದೆ. ತಯಾರಾದದ್ದು ಎಲ್ಲಿ ಎಂಬುದು ಬೆನ್ನಿನ ಮೇಲೆ, ಇನ್ನೂ ಸಣ್ಣಕ್ಷರದಲ್ಲಿ. ನನಗೆ ಇದರಿಂದ ಎಳ್ಳಷ್ಟೂ ಬೇಸರವಿಲ್ಲ. ನಾನೂ ಉಡುಪಿ ಶೈಲಿಯವನೇ, ತಯಾರಾದದ್ದು ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿ. ನನ್ನ ಕನ್ನಡ ಕೇಳಿದ ಊರಿನ ನೆಂಟರು ಬಾಟಲಿ ತಿರುಗಿಸಿ ನೋಡುವವರ ಹಾಗೆ ನನ್ನ ಬೆನ್ನು ನೋಡುತ್ತಾರೆ.

ಘಣಸೋಲಿಯಲ್ಲಿರುವ ನನ್ನ ಆಫೀಸಿನ ಹತ್ತಿರ ಒಂದು ಅಗ್ಗದ ಸೂಪರ್ ಮಾರ್ಕೆಟ್ ಇದೆ. ಅಕ್ಕಿ, ಫಿನಾಯಿಲು, ಬನಿಯನ್ನುಗಳನ್ನು ದಾಟಿ ಹಿಂದಕ್ಕೆ ಹೋದರೆ ಬಿಯರಿನ ಮೂಲೆ. ಈ ಶತಮಾನದ ಎರಡನೆಯ ದಶಕ ಅರ್ಧ ಕಳೆಯುವ ಹೊತ್ತಿಗೆ ಅಲ್ಲಿ ಬೆಲ್ಜಿಯಂ ಶೈಲಿಗಳು ಕಾಣಿಸಿಕೊಂಡವು: ಗೋದಿಯ ಬಿಳಿ ಬಿಯರು, ಸುಟ್ಟ ಮಾಲ್ಟಿನ ಕಪ್ಪು ಬಿಯರು. ಪೂರ್ತಿ ಬೆಲೆಗೆ ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. ಅವಧಿ ಮುಗಿಯಲು ಕೆಲವು ವಾರ ಉಳಿದಾಗ ಕೊರಳಿಗೆ ರಿಯಾಯಿತಿಯ ಕೆಂಪು ಚೀಟಿ ಬೀಳುತ್ತಿತ್ತು, ಮತ್ತು ಆ ಚೀಟಿಗಾಗಿಯೇ ಕಾದಿದ್ದ ನಾನು ಹೋಗುತ್ತಿದ್ದೆ. ಯೋಚಿಸಿ ನೋಡಿ, ನಮ್ಮಂಥವರ ಬಳಿಗೆ ಜಗತ್ತು ಬರುವುದೇ ಹೀಗೆ. ಹೊಸ ಸಿನಿಮಾ, ಹೊಸ ಫೋನು, ಹೊಸ ವಿಚಾರ, ಎಲ್ಲವೂ ಮೊದಲು ದಕ್ಷಿಣ ಮುಂಬಯಿಯಲ್ಲಿ ಮೈಮುರಿದು, ಬಾಂದ್ರಾದಲ್ಲಿ ಹಳತಾಗಿ, ಅವಧಿ ಮುಗಿಯುವ ಹೊತ್ತಿಗೆ ರಿಯಾಯಿತಿ ಚೀಟಿ ಕಟ್ಟಿಕೊಂಡು ಖಾಡಿಯ ಹಿನ್ನೀರು ದಾಟಿ ನಮ್ಮ ಕಡೆ ಬರುತ್ತವೆ. ನಾವು ಅವನ್ನು ಹೊಸತೆಂದೇ ಸವಿಯುತ್ತೇವೆ.

ಶನಿವಾರ ಸಂಜೆ ಬಾಟಲಿಗಳನ್ನು ಟವೆಲಿನಲ್ಲಿ ಸುತ್ತಿ, ಊಟದ ಡಬ್ಬಿಯ ಪಕ್ಕಕ್ಕಿಟ್ಟು, ಠಾಣೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸಿ ಡೊಂಬಿವಲಿಗೆ ಬರುವುದು ನನ್ನ ವಾರದ ತೀರ್ಥಯಾತ್ರೆ. ಲೋಕಲಿನ ನೂಕಿನಲ್ಲಿ ಎಷ್ಟು ಸುತ್ತಿದರೂ ಅವು ಕಿಣಿಕಿಣಿ ಎನ್ನುತ್ತಿದ್ದವು. "ಕಾಯ್ ರೇ, ದೇವಾಚೀ ಘಂಟಾ ಘೇವೂನ್ ಚಾಲ್ಲಾಸ್ ಕಾ?" ಎಂದು, ದೇವರ ಗಂಟೆ ಒಯ್ಯುತ್ತಿದ್ದೀಯೇನೋ ಎಂಬರ್ಥದಲ್ಲಿ, ಒಮ್ಮೆ ಒಬ್ಬ ಮರಾಠಿ ಕಾಕಾ ನನ್ನನ್ನು ಕೆಣಕಿದ್ದರು. ನಾನು ಅವರದೇ ದನಿಯಲ್ಲಿ, ಅವರದೇ ಮೂಗುಸ್ವರದಲ್ಲಿ, "ಹೋ ಕಾಕಾ, ಪೂಜಾ ಆಹೇ" ಎಂದಾಗ ಇಡೀ ಬೋಗಿ ನಕ್ಕಿತು. ಹೌದು, ನಾನು ಅನುಕರಣೆಯವನು. ಸ್ಟೇಷನ್ನಿನ ಘೋಷಣೆಯ ಹೆಂಗಸು, ನಮ್ಮ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ, ನನ್ನ ಮ್ಯಾನೇಜರು, ಯಾರ ದನಿ ಬೇಕೋ ಹೇಳಿ, ತೆಗೆದುಕೊಡುತ್ತೇನೆ. ನನ್ನ ದನಿ ಯಾವುದೆಂದು ಮಾತ್ರ ಕೇಳಬೇಡಿ, ಸ್ಟಾಕಿನಲ್ಲಿಲ್ಲ.

ಇನ್ನು ಅಪ್ಪನ ವಿಷಯ. ಡೊಂಬಿವಲಿ ಸ್ಟೇಷನ್ನಿನ ಹತ್ತಿರ ಅಪ್ಪನದೊಂದು ಸಸ್ಯಾಹಾರಿ ಹೋಟೆಲು. ಅಲ್ಲಿಯ ಕ್ರಮ ಹೀಗೆ: ಬೆಳಿಗ್ಗೆ ಸಾಂಬಾರು ಕುದಿದ ಮೇಲೆ ಅದರ ಮೊದಲ ಸೌಟು ದುಡ್ಡಿನ ಗಲ್ಲೆಯ ಮೇಲಿನ ಕೃಷ್ಣನ ಪಟಕ್ಕೆ ನೈವೇದ್ಯ. ನೈವೇದ್ಯಕ್ಕೆ ಮುಂಚೆ ಯಾರೂ ರುಚಿ ನೋಡುವಂತಿಲ್ಲ, ನಾಲಿಗೆ ತಾಗಿದರೆ ಎಂಜಲು. ನೈವೇದ್ಯವಾದ ಮೇಲೆ ಅದು ಪ್ರಸಾದ, ಒಂದು ಚಿಟಿಕೆಯನ್ನೂ ಸೇರಿಸುವಂತಿಲ್ಲ. ಹಾಗಾದರೆ ಉಪ್ಪು ಹುಳಿ ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಅಡುಗೆಯ ಭಟ್ಟರು ಸೌಟು ಹಿಡಿದು ಬರುತ್ತಾರೆ, ಅಪ್ಪ ಕಣ್ಣು ಮುಚ್ಚಿ ಬಾಗುತ್ತಾರೆ, "ಉಪ್ಪು ಒಂದು ಚಿಟಿಕೆ ಬೇಕು ಭಟ್ರೇ" ಎನ್ನುತ್ತಾರೆ. ಉಪ್ಪಿಗೆ ವಾಸನೆ ಉಂಟೇ ಎಂದು ನೀವು ಕೇಳಬಹುದು, ನಾನೂ ಕೇಳಿದ್ದೇನೆ. "ಉಪ್ಪಿಗಿಲ್ಲ, ಉಪ್ಪು ಬಿದ್ದ ಬೇಳೆಗೆ ಉಂಟು" ಎಂದಿದ್ದರು. ಹುಟ್ಟಿದಾಗಿನಿಂದ ನಾನು ಆ ಸಾಂಬಾರು ತಿಂದವನು. ಅವರು ಸರಿ ಎಂದದ್ದು ಸರಿಯಾಗಿಯೇ ಇರುತ್ತಿತ್ತು.

ಆದ್ದರಿಂದ ನಾನು ಮೊದಲ ಬಿಳಿ ಬಿಯರು ತಂದ ಭಾನುವಾರ, ಮಧ್ಯಾಹ್ನದ ವಿರಾಮಕ್ಕೆ ಮನೆಗೆ ಬಂದಿದ್ದ ಅಪ್ಪ, ಸ್ಟೀಲು ಲೋಟಕ್ಕೆ ಬಿದ್ದ ನೊರೆಯನ್ನು ದೂರದಿಂದಲೇ ನೋಡಿ, "ಕುಡಿಯುದು ನಿನ್ನ ಕರ್ಮ. ಮೂಸಿದ್ರೆ ನನ್ನ ಜನಿವಾರ ಕಡಿದು ಬೀಳುದಿಲ್ಲ. ತಾ ಇಲ್ಲಿ" ಎಂದದ್ದು ಸಹಜವೇ ಆಗಿತ್ತು. ಮೂಸಿದರು. "ಇದರಲ್ಲಿ ಕೊತ್ತಂಬರಿ ಉಂಟಲ್ಲ ಮಾರಾಯ. ಕಿತ್ತಳೆ ಸಿಪ್ಪೆಯೂ ಉಂಟು. ಯಾರು ಇವ, ಬಿಯರಿಗೆ ಸಾರಿನ ಪುಡಿ ಹಾಕಿದವ?" ಬಾಟಲಿ ತಿರುಗಿಸಿ ಓದಿದೆ. ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ, ಎರಡೂ ಇದ್ದವು. ಅಂದಿನಿಂದ ಅದು ನಮ್ಮ ಭಾನುವಾರದ ಆಟವಾಯಿತು. ನಾನು ಕುಡಿಯುವವನು, ಅವರು ಮೂಸುವವರು. ಅಪ್ಪ ಮಗ ಇಬ್ಬರೂ ಒಂದೇ ಲೋಟದಿಂದ ಸುಖಪಟ್ಟು, ಒಬ್ಬನಿಗೆ ಮಾತ್ರ ಪಾಪ ತಗಲುವ ಇಂಥ ಏರ್ಪಾಡು ಬೇರೆಲ್ಲೂ ಇರಲಾರದು.

ನನ್ನ ಚಿಕ್ಕಪ್ಪ, ಎಂದರೆ ಅಪ್ಪನ ತಮ್ಮ, ವಿಠ್ಠಲವಾಡಿಯಲ್ಲಿ ತನ್ನ ಹೋಟೆಲನ್ನು ಎಂದೋ ಬಾರ್ ಮಾಡಿಕೊಂಡವರು. ನಮ್ಮವರ ಎಷ್ಟೋ ಊಟದ ಹೋಟೆಲುಗಳು ಹೋದ ದಾರಿ ಅದು. ಅಪ್ಪನ ಹೋಟೆಲಿನಲ್ಲೂ ಅವರ ಪಾಲಿತ್ತು, ಅಲ್ಲಿಯೂ ಪರ್ಮಿಟ್ ರೂಮ್, ಎಂದರೆ ಪರವಾನಗಿ ಪಡೆದ ಬಾರ್, ಆಗಬೇಕೆಂದು ಅವರ ಹಟ. "ಅಣ್ಣ, ಇಡ್ಲಿ ತಿಂದವ ನೀರು ಕುಡಿದು ಹೋಗ್ತಾನೆ. ಬಿಯರು ಕುಡಿದವ ಇನ್ನೊಂದು ಬಿಯರು ಕುಡೀತಾನೆ. ಇದರಲ್ಲಿ ಯೋಚನೆ ಮಾಡ್ಲಿಕ್ಕೆ ಎಂತ ಉಂಟು?" ಎಂಬುದು ಅವರ ಅರ್ಥಶಾಸ್ತ್ರ. ಅಪ್ಪನ ಉತ್ತರ ಪ್ರತಿ ಸಲವೂ ಒಂದೇ: "ನನ್ನ ಮೂಗು ಇರುವವರೆಗೆ ಅದು ಊಟದ ಹೋಟ್ಲು. ಮೂಗು ಹೋದ ದಿನ ನೀನು ಎಂತ ಬೇಕಾದ್ರೂ ಮಾಡು." ಈ ಸಂಭಾಷಣೆಯನ್ನು ನಾನು ಎರಡೂ ದನಿಗಳಲ್ಲಿ ಎಷ್ಟು ಸಲ ಅಭಿನಯಿಸಿದ್ದೇನೆಂದರೆ, ಅವರಿಬ್ಬರೂ ಬಾರದಿದ್ದರೂ ಜಗಳ ನಡೆಯುತ್ತಿತ್ತು.

ಒಂದು ಮಳೆಗಾಲದಲ್ಲಿ ಅಪ್ಪನಿಗೆ ಜ್ವರ ಬಂತು, ಹೋಯಿತು. ಅದಾದ ಮೇಲೆ ಹೋಟೆಲಿನ ಸಾಂಬಾರು ಒಂದು ದಿನ ಸಮುದ್ರ, ಒಂದು ದಿನ ಸಪ್ಪೆ. ಹಳೆಯ ಗಿರಾಕಿಗಳು ಮುಖ ಹಿಂಡಿದರು, ಕೆಲವರು ಬರುವುದನ್ನೇ ಬಿಟ್ಟರು. ಭಟ್ಟರಿಗೆ ವಯಸ್ಸಾಯಿತೆಂದು ನಾನು ಅಂದುಕೊಂಡೆ. ಅವರು ಲವಂಗ ಹುಡುಕುತ್ತಾ ಗದರುವ ದನಿಯನ್ನು ಇನ್ನಷ್ಟು ಮುದಿಯಾಗಿಸಿ ಮಾಡಿ ತೋರಿಸಿದೆ. ಅಪ್ಪ ನಗಲಿಲ್ಲ. ನಮ್ಮ ಭಾನುವಾರದ ಆಟದಲ್ಲಿ ಈಗ ಅವರ ಉತ್ತರ ಯಾವಾಗಲೂ ಕೊತ್ತಂಬರಿ, ಕಿತ್ತಳೆ. ನಾನು ತರುತ್ತಿದ್ದುದೂ ಹೆಚ್ಚಾಗಿ ಅದೇ ಬಿಳಿ ಬಿಯರು, ಹಾಗಾಗಿ ಅನುಮಾನವಾಗಲಿಲ್ಲ. ಒಂದು ಭಾನುವಾರ, ಬರೀ ತಮಾಷೆಗಾಗಿ, ಲೋಟಕ್ಕೆ ಬಿಯರಿನ ಬದಲು ಸೋಡಾ ಸುರಿದು ಕೊಟ್ಟೆ. ಅಪ್ಪ ಏಮಾರುವುದಿಲ್ಲ, ಬೈಯುತ್ತಾರೆ, ಆ ಬೈಗುಳವನ್ನು ಸೋಮವಾರ ಆಫೀಸಿನಲ್ಲಿ ಮಾಡಿ ತೋರಿಸಬಹುದು ಎಂಬುದು ನನ್ನ ಲೆಕ್ಕ. ಅಪ್ಪ ಕಣ್ಣು ಮುಚ್ಚಿದರು. ಗುಳ್ಳೆಗಳು ಮೂಗಿಗೆ ಚುಚ್ಚಿರಬೇಕು. ದೀರ್ಘವಾಗಿ ಎಳೆದುಕೊಂಡು, "ಕೊತ್ತಂಬರಿ ಚೆನ್ನಾಗಿ ಉಂಟು. ಕಿತ್ತಳೆ ಸ್ವಲ್ಪ ಕಮ್ಮಿ" ಎಂದರು.

ಬಾಯಿಯವರೆಗೆ ಬಂದಿದ್ದ ನಗೆ ಅಲ್ಲೇ ನಿಂತಿತು. ಬೀನ್ಸ್ ಹೆಚ್ಚುತ್ತಿದ್ದ ಅಮ್ಮ ಕೈ ನಿಲ್ಲಿಸಿ, ಮೇಜಿನ ಕೆಳಗಿನ ಸೋಡಾ ಬಾಟಲಿಯನ್ನೂ ನನ್ನನ್ನೂ ನೋಡಿದರು. ಅಪ್ಪ ಮಲಗಿದ ಮೇಲೆ ಅಡುಗೆಮನೆಗೆ ಕರೆದು, "ಜ್ವರ ಬಂದು ಹೋದಂದಿನಿಂದ ಹೀಗೆ. ಒಂದು ವಾಸನೆಯೂ ತಿಳಿಯುದಿಲ್ಲ ಅವರಿಗೆ. ಭಟ್ರಿಗೂ ಹೇಳ್ಲಿಲ್ಲ. ನೀನು ಎಲ್ಲಿಯಾದ್ರೂ ಸ್ವರ ತೆಗೆದು ಆಡಿಕೊಂಡ್ರೆ ನೋಡು" ಎಂದರು.

ಡೊಂಬಿವಲಿಯಲ್ಲಿ ಮೂಗು ಕಳೆದುಕೊಳ್ಳುವುದು ಬೇರೆಯವರಿಗೆ ವರವೇ ಆದೀತು. ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಇಡೀ ಊರು ಕೊಳೆತ ಮೊಟ್ಟೆ ಸುಲಿದಂತೆ ನಾರುತ್ತದೆ; ನಾವು ಕಿಟಕಿ ಮುಚ್ಚಿ ಟಿವಿ ದೊಡ್ಡದು ಮಾಡುತ್ತೇವೆ. ಆದರೆ ಅಪ್ಪ ಆ ನಾತದೊಳಗೂ ಸಾಸಿವೆ ಸಿಡಿದದ್ದನ್ನು ಹಿಡಿಯುತ್ತಿದ್ದವರು. ನನಗೆ ಕಹಿಯೆನಿಸಿದ್ದು ಬೇರೆಯೇ. ಅಪ್ಪನ ನಾಲಿಗೆ ಸರಿಯಾಗಿಯೇ ಇತ್ತು. ಉಪ್ಪು, ಹುಳಿ, ಖಾರ ಎಲ್ಲವೂ ಅದಕ್ಕೆ ತಿಳಿಯುತ್ತಿತ್ತು. ಸೌಟಿನ ತುದಿಯಿಂದ ಒಂದು ತೊಟ್ಟು ನೆಕ್ಕಿ ನೋಡಿದ್ದರೆ ಸಾಂಬಾರು ಉಳಿಯುತ್ತಿತ್ತು, ಗಿರಾಕಿಗಳು ಉಳಿಯುತ್ತಿದ್ದರು. ಪಟದೊಳಗಿನ ಕೃಷ್ಣ ಬೆಣ್ಣೆ ಕದ್ದು ತಿಂದವನೇ, ಅವನೇನೂ ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಅಮ್ಮ ಇದನ್ನು ಅವರಿಗೆ ಹೇಳಿಯೂ ಇದ್ದರಂತೆ. "ಎಂಜಲು ಇಡುದಾ ದೇವರಿಗೆ?" ಎಂದು ಕೇಳಿ ಅಪ್ಪ ಅಂಗಿ ಹಾಕಿಕೊಂಡು ಹೋಟೆಲಿಗೆ ಹೊರಟುಹೋದರಂತೆ. ದಿನವೂ ವಾಸನೆಯಿಲ್ಲದ ಸೌಟಿನ ಮೇಲೆ ಬಾಗಿ, ಭಟ್ಟರ ಮುಖ ಓದಿ, ಅಂದಾಜಿನಲ್ಲಿ ತಲೆಯಾಡಿಸುತ್ತಿದ್ದರು. ನಮ್ಮ ಮನೆಯಲ್ಲಿ ಅನುಕರಣೆಯವನು ನಾನೊಬ್ಬನೇ ಎಂದುಕೊಂಡಿದ್ದೆ. ಅವರು ತಮ್ಮನ್ನೇ ಅನುಕರಿಸಿಕೊಂಡು ಬದುಕುತ್ತಿದ್ದರು.

ಮುಂದಿನ ಭಾನುವಾರ ಚಿಕ್ಕಪ್ಪ ಬಂದರು. ಸೋಫಾದಲ್ಲಿ ಕೂತವರೇ, "ಈಗ ನಿನ್ನ ಹೋಟ್ಲಲ್ಲೇ ಊಟ ಮಾಡಿ ಬಂದೆ. ಸಾಂಬಾರಿಗೆ ಉಪ್ಪೇ ಇಲ್ಲ ಅಣ್ಣ. ನಿನ್ನ ಮೂಗಿಗೆ ಎಂತ ಆಗಿದೆ?" ಎಂದರು.

"ನನ್ನ ಮೂಗಿಗೆ ಎಂತ ಆಗ್ತದೆ? ಇವನನ್ನು ಕೇಳು. ವಾರ ವಾರ ಇವನ ಬಾಟ್ಲಿ ಮೂಸಿ ಒಳಗೆ ಎಂತೆಂತ ಉಂಟು ಹೇಳ್ತೇನೆ."

"ಹೌದನಾ?" ಚಿಕ್ಕಪ್ಪ ನನ್ನ ಕಡೆ ತಿರುಗಿದರು. "ಆಗ್ಲಿ, ತಾ ನಿನ್ನ ಬಾಟ್ಲಿ. ಇವತ್ತು ಎರಡರಲ್ಲಿ ಒಂದು ತೀರ್ಮಾನ ಆಗ್ಲಿ."

ಆ ವಾರ ನನಗೆ ರಿಯಾಯಿತಿಯಲ್ಲಿ ಸಿಕ್ಕಿದ್ದು ಕಪ್ಪು ಬಿಯರು. ಅದರಲ್ಲಿ ಕೊತ್ತಂಬರಿಯಿಲ್ಲ, ಕಿತ್ತಳೆಯಿಲ್ಲ. ಸೀದ ಬೆಲ್ಲದ ವಾಸನೆ, ಅದರ ಹಿಂದೆ ಲವಂಗ. ಅಪ್ಪನಿಗೆ ಅದು ತಿಳಿಯುವ ದಾರಿಯೇ ಇರಲಿಲ್ಲ. ಲೋಟಕ್ಕೆ ಸುರಿಯುತ್ತಾ ನಾನು, ಯಾವಾಗಲೂ ಮಾಡುವ ಮಂಗಾಟದ ಹಾಗೆ, ಭಟ್ಟರ ದನಿ ತೆಗೆದೆ: "ಯಾರಾ ಅದು ಬೆಲ್ಲ ಸೀಯಿಸಿದ್ದು? ಲವಂಗದ ಡಬ್ಬಿ ಎಲ್ಲಿ ಹಾಕಿದ್ರಿ, ದರಿದ್ರದವರು?" ಚಿಕ್ಕಪ್ಪ ಹೊಟ್ಟೆ ಕುಣಿಸಿ ನಕ್ಕರು. "ಅಚ್ಚು ಭಟ್ರೇ ಮಾರಾಯ. ನಿನ್ನನ್ನು ನಮ್ಮ ಬಾರಿಗೆ ಕರಕೊಂಡು ಹೋಗ್ಬೇಕು" ಎಂದರು. ಅವರಿಗೆ ಏನೂ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆಯಿತು. ಲೋಟ ತೆಗೆದುಕೊಳ್ಳುವಾಗ ನನ್ನ ಮುಖವನ್ನು ಒಮ್ಮೆ ನೋಡಿದರು. ನನಗೆ ಗೊತ್ತಿದೆಯೆಂದು ಅವರಿಗೆ ತಿಳಿದದ್ದು ಆ ಕ್ಷಣದಲ್ಲಿ. ಇನ್ನು ಅವರು ಎರಡು ಪದ ಹೇಳಿದರೆ ಸಾಕಿತ್ತು. ಬೆಲ್ಲ, ಲವಂಗ. ಹೋಟೆಲು ಇನ್ನೊಂದಷ್ಟು ದಿನ ಉಳಿಯುತ್ತಿತ್ತು.

ಅವರು ಬಾಗಿದರು, ಕಣ್ಣು ಮುಚ್ಚಿದರು.

"ಇಲ್ಲ ತಮ್ಮ," ಎಂದರು. "ಇವ ಹೇಳಿಕೊಟ್ಟದ್ದನ್ನು ನಾನು ಹೇಳ್ಬಹುದಿತ್ತು. ಆದ್ರೆ ನನಗೆ ಎಂತದೂ ಬರುದಿಲ್ಲ."

ಚಿಕ್ಕಪ್ಪನ ನಗೆ ಮುಖದ ಮೇಲೆ ಹಾಗೆಯೇ ಉಳಿದು, ತೆಗೆದಿಡಲು ಜಾಗ ಸಿಗದೆ ಒದ್ದಾಡಿತು. ಅಪ್ಪ ಲೋಟವನ್ನು ಕೆಳಗಿಡಲಿಲ್ಲ. ಅದನ್ನು ಸುಮ್ಮನೆ ನೋಡುತ್ತಿದ್ದವರು, "ಇದಕ್ಕೇನು ನೈವೇದ್ಯ ಇಲ್ವಲ್ಲ" ಎಂದು ತಮಗೇ ಹೇಳಿಕೊಂಡಂತೆ ಹೇಳಿ, ತುಟಿಗಿಟ್ಟು ಒಂದು ಗುಟುಕು ಕುಡಿದರು. ಅಮ್ಮ "ರೀ" ಎಂದರು.

"ಕಹಿ," ಎಂದರು ಅಪ್ಪ. ತುಟಿ ಒರೆಸಿಕೊಂಡು, "ಇದು ಗೊತ್ತಾಗ್ತದೆ" ಎಂದರು. ಆಮೇಲೆ ತಮ್ಮನ ಕಡೆ ತಿರುಗಿ, "ಪರ್ಮಿಟಿನ ಕೆಲಸ ಮಾಡಿಕೊಡುವವನನ್ನು ಕರಕೊಂಡು ಬಾ" ಎಂದರು.

ಈಗ ಅಪ್ಪನ ಹೋಟೆಲಿನಲ್ಲಿ ನೀಲಿ ದೀಪ, ಗಾಜಿಗೆ ಕಪ್ಪು ಹಾಳೆ. ಭಟ್ಟರು ಊರಿಗೆ ಹೋದರು. ಅಪ್ಪ ಮಧ್ಯಾಹ್ನದವರೆಗೆ ಗಲ್ಲೆಯಲ್ಲಿ ಕೂತು, ಆಮೇಲೆ ಮನೆಗೆ ಬಂದು ಪೇಪರು ಓದುತ್ತಾರೆ. ಬಿಯರಿನ ಪಟ್ಟಿ ಮಾಡಲು ಚಿಕ್ಕಪ್ಪ ನನ್ನನ್ನೇ ಕರೆದಿದ್ದರು, ಮನೆಯಲ್ಲಿ ಆ ವಿಷಯದ ಪಂಡಿತ ನಾನೇ ಆದ್ದರಿಂದ. ಬಿಳಿಯದನ್ನೂ ಕಪ್ಪನೆಯದನ್ನೂ ಸೇರಿಸಿ ಕೊಟ್ಟೆ. ಅವರು ಎರಡನ್ನೂ ಹೊಡೆದುಹಾಕಿ, "ನಮ್ಮ ಗಿರಾಕಿಗೆ ಸ್ಟ್ರಾಂಗ್ ಬೇಕು, ಕೊತ್ತಂಬರಿ ಅಲ್ಲ" ಎಂದರು. ಅವರ ಮಾತು ನಿಜವಾಯಿತು. ಅಲ್ಲಿ ಬೆಲ್ಜಿಯಂ ಕೇಳಿದವರು ಇದುವರೆಗೆ ಒಬ್ಬರೂ ಇಲ್ಲ.

ನಾನು ಮಾತ್ರ ಕೆಂಪು ಚೀಟಿಗೆ ಕಾಯುವುದನ್ನು ಬಿಟ್ಟಿಲ್ಲ. ಭಾನುವಾರ ಒಬ್ಬನೇ ಲೋಟಕ್ಕೆ ಸುರಿದುಕೊಂಡು, ಕುಡಿಯುವ ಮೊದಲು ಅಭ್ಯಾಸಬಲದಿಂದ ಬಾಗುತ್ತೇನೆ. ಕೊತ್ತಂಬರಿ ಬರುತ್ತದೆ, ಕಿತ್ತಳೆ ಬರುತ್ತದೆ, ಅದರ ಹಿಂದೆ ಗೋದಿ ಬರುತ್ತದೆ. ಪಕ್ಕದ ಕುರ್ಚಿಯಲ್ಲಿ ಅಪ್ಪ ಪೇಪರು ತಿರುವುತ್ತಿರುತ್ತಾರೆ, ಏನು ಬಂತೆಂದು ಕೇಳುವುದಿಲ್ಲ. ನನ್ನ ಮೂಗು ಚೆನ್ನಾಗಿದೆ. ಯಾರಿಗೂ ಉಪಯೋಗವಿಲ್ಲದಷ್ಟು ಚೆನ್ನಾಗಿದೆ.