ಅಣ್ಣನ ಹಾಡಿನ ಹದಿನಾರನೇ ಸಾಲು

ಅಣ್ಣನ ಹಾಡು ಮೂರು ನಿಮಿಷ ನಲವತ್ತೆರಡು ಸೆಕೆಂಡಿನದು. ಅದರಲ್ಲಿ ಯೇಸುವಿನ ಹೆಸರು ಹದಿನಾಲ್ಕು ಸಲ ಬರುತ್ತದೆ, ಅವ್ವ ಎಂಬ ಮಾತು ಮೂರು ಸಲ. ಅಪ್ಪ ಒಂದು ಸಲವೂ ಬರುವುದಿಲ್ಲ. ಇದುವರೆಗೆ ಅದನ್ನು ಅರವತ್ತೊಂದು ಸಲ ಕೇಳಿದ್ದೇನೆ. ಮೊದಲ ಇಪ್ಪತ್ತು ಸಲ ಹದಿನಾರನೇ ಸಾಲು ಮುಗಿಯುತ್ತಿದ್ದಂತೆ ನಿಲ್ಲಿಸಿ ಹಿಂದಕ್ಕೆ ಹೋಗಿದ್ದೇನೆ.

ಹಾಡು ಚೆನ್ನಾಗಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಆಮೇಲೆ ಬರೆಯಲು ಮನಸ್ಸು ಬರಲಾರದು. ಅದು ರ‍್ಯಾಪ್. ಪಲ್ಲವಿಗೆ ಮಾತ್ರ ರಾಗವಿದೆ, ಉಳಿದದ್ದೆಲ್ಲ ಡ್ರಮ್ಮಿನ ಬಡಿತದ ಮೇಲೆ ಓಡುವ ಮಾತು. ಅರಕಲಗೂಡಿನಿಂದ ಆಲೂಗಡ್ಡೆ ತುಂಬಿಕೊಂಡು ಅವನು ಓಡಿಸಿಕೊಂಡು ಬರುವ ಗೂಡ್ಸ್ ಗಾಡಿ, ಹೊಳೆನರಸೀಪುರದ ಸೇತುವೆ, ಬಾರಿನ ಮುಂದೆ ಕಳೆದ ಸಂಜೆಗಳು, ಫೋನಿನಲ್ಲಿ ಕಟ್ಟಿದ ಬೆಟ್ಟಿಂಗು, ಎಲ್ಲವೂ ಅದರಲ್ಲಿ ಬರುತ್ತದೆ. ಪುಸ್ತಕದ ಕನ್ನಡವಲ್ಲ, ನಮ್ಮ ಕಟ್ಟಾಯದ ಕಡೆಯ ಮಾತೇ. ಹದಿನಾರು, ಹದಿನೇಳನೇ ಸಾಲುಗಳು ಹೀಗಿವೆ:

ಅವ್ವನ್ ಓಲೆ ಕದ್ದೋನ್ ನಾನೇ, ಇನ್ನೊಬ್ಳ್ ಮೇಲೆ ಬಿತ್ತು ಮಾತು,
ಗುಂಡೀಲ್ ಬಿದ್ದೋನ್ನ ಎತ್ಬುಟ್ಟ ಯೇಸಪ್ಪ, ನನ್ ಪಕ್ಕದಾಗೇ ಕೂತು.

ಹದಿನಾರನೇ ಸಾಲಿಗೆ ನಾಲ್ಕು ಸೆಕೆಂಡು. ಅದರಲ್ಲಿ ಆ ‘ಇನ್ನೊಬ್ಳು’ ಒಂದು ಸೆಕೆಂಡೂ ಇಲ್ಲ.

ಆ ಇನ್ನೊಬ್ಬಳು ಯಾರೆಂದು ನನಗೆ ಗೊತ್ತು. ನಮ್ಮ ಬೀದಿಯ ಕೊನೆಯ ಮನೆಯ ಹೆಂಗಸು. ಗಂಡ ಇಲ್ಲ, ಒಂದು ಹಸು ಇದೆ. ನೆಂಟಸ್ತಿಕೆ ಇಲ್ಲದಿದ್ದರೂ ನಾನು ಚಿಕ್ಕಂದಿನಿಂದ ದೊಡ್ಡವ್ವ ಎಂದೇ ಕರೆದದ್ದು. ಸುಗ್ಗಿಯ ಕೆಲಸಕ್ಕೆ, ಹುಣಸೆಹಣ್ಣು ಕುಟ್ಟಲಿಕ್ಕೆ, ಮನೆ ಸಾರಿಸಲಿಕ್ಕೆ ನಮ್ಮ ಮನೆಗೆ ಬರುತ್ತಿದ್ದಳು.

ಎರಡು ವರ್ಷದ ಹಿಂದೆ, ಯುಗಾದಿಗೆ ಒಂಬತ್ತು ದಿನ ಇರುವಾಗ ಅವ್ವನ ಕಿವಿಯೋಲೆ ಕಾಣೆಯಾಯಿತು. ಹಬ್ಬಕ್ಕೆ ಮೊದಲು ತೊಳೆಸಬೇಕೆಂದು ಬಿಚ್ಚಿ ಅಡುಗೆಮನೆಯ ಗೂಡಿನಲ್ಲಿ ಇಟ್ಟಿದ್ದಳು. ಯಾರು ಬಂದಿದ್ದರು, ಯಾರು ಹೋಗಿದ್ದರು ಎಂಬ ಮಾತು ಎದ್ದಾಗ ಅಪ್ಪನಿಗೆ ನನ್ನ ನೋಟ್‌ಬುಕ್ ನೆನಪಾಯಿತು.

ಹೈಸ್ಕೂಲಿನಿಂದಲೂ ನನಗೆ ಬರೆದಿಡುವ ಅಭ್ಯಾಸ. ಈಗ ಊರಿನ ಹಾಲಿನ ಡೇರಿಯಲ್ಲಿ ಹಾಲು ಅಳೆದು, ಫ್ಯಾಟ್ ನೋಡಿ ಬರೆದುಕೊಳ್ಳುವ ಕೆಲಸವನ್ನು ನನಗೆ ಕೊಟ್ಟದ್ದೂ ಅದೇ ಕಾರಣಕ್ಕೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ಕರೆಂಟು ಎಷ್ಟು ಹೊತ್ತಿಗೆ ಹೋಯಿತು, ಮನೆಗೆ ಯಾರು ಬಂದರು, ಎಲ್ಲ ಬರೆಯುತ್ತೇನೆ. ಓಲೆ ಕಾಣೆಯಾದ ಮಂಗಳವಾರದ ಪುಟದಲ್ಲಿ ಹೀಗಿತ್ತು: ‘೪.೧೦, ದೊಡ್ಡವ್ವ ಹುಣಸೆ ಕುಟ್ಟಲು ಬಂದಳು. ನೀರಿಗೆ ಎರಡು ಸಲ ಒಳಗೆ. ೫.೨೫ಕ್ಕೆ ಹೋದಳು. ಬೇರೆ ಯಾರೂ ಬಂದಿಲ್ಲ.’

ಅಪ್ಪ ಇದನ್ನು ಅರಳಿಕಟ್ಟೆಯ ಮೇಲೆ ಹನ್ನೊಂದು ಜನರ ಮುಂದೆ ಓದಿದರು. ‘ಬೇರೆ ಯಾರೂ ಬಂದಿಲ್ಲ’ ಎಂಬುದನ್ನು ಎರಡು ಸಲ ಓದಿದರು. ನನ್ನ ಅಕ್ಷರ ಗುಂಡಗಿದೆ, ತಪ್ಪು ತಿದ್ದುಪಡಿ ಇರುವುದಿಲ್ಲ. ಅಂಥ ಬರವಣಿಗೆಯನ್ನು ನಮ್ಮೂರಿನಲ್ಲಿ ಯಾರೂ ಅನುಮಾನಿಸುವುದಿಲ್ಲ. ದೊಡ್ಡವ್ವ ಅಳಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹೇಳಿದಳು:

“ಬುಕ್ಕಲ್ ಬರ್ದವ್ಳೆ ಅಂದ್ರೆ ನಾನ್ ಕಳ್ಳಿ ಆಗ್ಬುಟ್ನಾ? ಕರ್ಪೂರ ತರ್ಸಿ.”

ನಮ್ಮಲ್ಲಿ ಆಣೆ ಮಾಡುವುದು ಹಾಗೆಯೇ. ಮಾರಮ್ಮನ ಗುಡಿಯ ಮುಂದೆ ಕರ್ಪೂರ ಹಚ್ಚಿ, ತಪ್ಪು ಮಾಡಿಲ್ಲ ಎಂದು ಹೇಳಿ, ಉರಿಯುವ ಕರ್ಪೂರವನ್ನು ಬರಿಗೈಯಲ್ಲಿ ಆರಿಸಬೇಕು. ಸುಳ್ಳು ಹೇಳಿದವರಿಗೆ ಅಮ್ಮ ತಿಂಗಳೊಳಗೆ ತೋರಿಸುತ್ತಾಳೆ ಎಂಬ ನಂಬಿಕೆ. ಅಪ್ಪ ಅಣ್ಣನನ್ನು ಅಂಗಡಿಗೆ ಓಡಿಸಿದರು. ಅವನು ಓಡಿಹೋಗಿ ತಂದ. ದೊಡ್ಡವ್ವ ಬಲಗೈಯಲ್ಲಿ ಆರಿಸಿದಳು.

ಕರ್ಪೂರ ತಂದವನು ಅಣ್ಣ. ಅದು ಹಾಡಿನಲ್ಲಿಲ್ಲ.

ಆಮೇಲೆ ಒಂದು ದಿನ ದೊಡ್ಡವ್ವ ನಲ್ಲಿಯ ಹತ್ತಿರ ಪಾಚಿಯ ಮೇಲೆ ಜಾರಿ ಬಿದ್ದಳು. ಬಲಗೈಯ ಮಣಿಕಟ್ಟು ಮುರಿಯಿತು. ಮಾರನೇ ಬೆಳಿಗ್ಗೆ ಡೇರಿಯಲ್ಲಿ ಅದೇ ಮಾತು. ಆಣೆಯಾಗಿ ಎಷ್ಟು ದಿನಕ್ಕೆ ಬಿದ್ದಳು ಎಂದು ಯಾರೋ ಕೇಳಿದರು. ನಾನು ನೋಟ್‌ಬುಕ್ ತೆರೆದು ನೋಡಿ, ಹನ್ನೆರಡು ಎಂದೆ. ಕೇಳಿದ್ದಕ್ಕೆ ಉತ್ತರ ಹೇಳಿದೆ, ಅಷ್ಟೇ. ಸಂಜೆಯ ಹೊತ್ತಿಗೆ ಊರಿನಲ್ಲೆಲ್ಲ ಒಂದೇ ಮಾತು: ಹನ್ನೆರಡನೇ ದಿನಕ್ಕೆ, ಕರ್ಪೂರ ಆರಿಸಿದ ಕೈಯೇ.

ಕೈ ಸೊಟ್ಟಗೆ ಕೂಡಿಕೊಂಡಿತು. ಅಂದಿನಿಂದ ಅವಳು ನಮ್ಮ ಡೇರಿಗೆ ಹಾಲು ತರುವುದನ್ನು ನಿಲ್ಲಿಸಿ, ಎರಡು ಕಿಲೋಮೀಟರು ನಡೆದು ಪಕ್ಕದ ಊರಿನ ಡೇರಿಗೆ ಹಾಕತೊಡಗಿದಳು. ದಿನಕ್ಕೆ ಎರಡು ಸಲ. ಡೇರಿಯ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನಾನು ದಿನವೂ, ಹಾಲು ಬಂದಿಲ್ಲ ಎಂದು, ಅಡ್ಡಗೆರೆ ಹಾಕುತ್ತಾ ಬಂದೆ.

ಈ ನಡುವೆ ಅಣ್ಣ ಬೇರೆಯೇ ಮನುಷ್ಯನಾಗಿದ್ದ. ಹೊಳೆನರಸೀಪುರದಲ್ಲಿ ಅವನು ಮಾಲು ಇಳಿಸುವ ಮಂಡಿಯ ಹಿಂದೆ ಒಂದು ಚಿಕ್ಕ ಪ್ರಾರ್ಥನಾ ಮನೆ ಇದೆ. ಮೊದಲು ಮಳೆಗೆ ನಿಂತವನು ಆಮೇಲೆ ಭಾನುವಾರಗಳಲ್ಲಿ ಹೋಗತೊಡಗಿದ. ಕುಡಿಯುವುದು ನಿಂತಿತು, ಬೆಟ್ಟಿಂಗ್ ನಿಂತಿತು. ಅಪ್ಪ ನಾಲ್ಕು ತಿಂಗಳು ಅವನ ಜೊತೆ ಮಾತು ಬಿಟ್ಟರು, ಮತ್ತೆ ತಾವಾಗಿಯೇ ಆಡಿದರು. ಯಾವ ದೇವರಾದರೇನು, ಮನೆಗೆ ನೆಟ್ಟಗೆ ಬರುತ್ತಾನಲ್ಲ ಎಂದು ಅವ್ವ ಎಲ್ಲರಿಗೂ ಹೇಳುತ್ತಿದ್ದಳು. ನನಗೂ ಸಂತೋಷವಾಗಿತ್ತು. ಅವನು ಕುಡಿಯದೆ ಇದ್ದ ದಿನಗಳನ್ನು ಬೇರೆ ಪುಟದಲ್ಲಿ ಎಣಿಸುತ್ತಿದ್ದೆ. ಮುನ್ನೂರು ದಾಟಿತ್ತು.

ಹಾಡನ್ನು ಹಾಸನದಲ್ಲಿ ಗೆಳೆಯನೊಬ್ಬನ ಕೋಣೆಯಲ್ಲಿ ರೆಕಾರ್ಡ್ ಮಾಡಿದ. ಮೊದಲು ಕೇಳಿಸಿದ್ದು ನನಗೇ. ಹಿತ್ತಲ ಕಲ್ಲಿನ ಮೇಲೆ ಕೂತು ಇಬ್ಬರೂ ಒಂದೊಂದು ಇಯರ್‌ಫೋನ್ ಹಾಕಿಕೊಂಡೆವು. ಹದಿನಾರನೇ ಸಾಲು ಬಂದಾಗ ನಾನು ತಂತಿ ಕಿತ್ತೆ. ನಿಜವಾ ಎಂದು ಕೇಳಿದೆ.

“ನಿಜ ಕಣೆ. ದೇವ್ರ್ ಮುಂದೆ ಎಲ್ಲಾ ಒಪ್ಕಂಡಿವ್ನಿ.”

“ದೊಡ್ಡವ್ವನ್ ಮುಂದೆ?”

ಅವನು ಫೋನಿನ ಪರದೆಯನ್ನು ಅಂಗಿಗೆ ಒರೆಸಿದ. “ಆಡ್ನಲ್ಲಿ ಯೇಳಿವ್ನಲ್ಲ. ಊರೆಲ್ಲಾ ಕೇಳ್ತದೆ.”

“ಅವ್ಳತ್ರ ಇರೋದು ಬಟನ್ ಒತ್ತೋ ಫೋನು ಕಣಣ್ಣ.”

ಮುಂದಿನ ವಾರ ಹೋಗಿ ಹೇಳುತ್ತೇನೆ ಎಂದ. ಬರೆದುಕೊಂಡೆ. ಅದು ಮೊದಲನೆಯ ‘ಮುಂದಿನ ವಾರ’.

ಅದೇ ಭಾನುವಾರ ಅವನ ಜೊತೆ ಹೊಳೆನರಸೀಪುರಕ್ಕೆ ನಾನೂ ಹೋದೆ. ಪ್ರಾರ್ಥನೆ ನಡೆಸುವ ಹಿರಿಯರು ಹಾಡನ್ನು ಪೂರ್ತಿ ಕೇಳಿದರು. ಎಲ್ಲರೂ ಪಲ್ಲವಿಯ ಬಗ್ಗೆ ಮಾತಾಡುತ್ತಿದ್ದಾಗ ಅವರೊಬ್ಬರೇ, ಆ ಹೆಂಗಸಿಗೆ ಹೇಳಿದ್ದೀಯಾ ಎಂದು ಕೇಳಿದರು. ಇಲ್ಲ ಎಂದ.

“ಮೊದ್ಲು ಆ ತಾಯಿ ಮನೇಗ್ ಹೋಗ್ಬಾ ಮಗ. ಆಮೇಲ್ ಇಲ್ಲಿ ಹಾಡುವಂತೆ. ದೇವ್ರೇನೂ ಓಡ್ಹೋಗಲ್ಲ.”

ಅಣ್ಣ ತಲೆಯಾಡಿಸಿದ. ಎರಡು ವಾರದ ನಂತರ ಚನ್ನರಾಯಪಟ್ಟಣದಲ್ಲಿ ಬೇರೆ ಸಭೆಯವರ ಕಾರ್ಯಕ್ರಮವಿತ್ತು. ಅಲ್ಲಿ ಯಾರೂ ಏನೂ ಕೇಳುವುದಿಲ್ಲವಾದ್ದರಿಂದ ಅಲ್ಲಿ ಹಾಡಿದ. ಜನ ಕಣ್ಣೀರು ಹಾಕಿದರಂತೆ. ಬಂದು ನನಗೆ ಹೇಳುವಾಗ ಅವನ ಕಣ್ಣಲ್ಲೂ ನೀರಿತ್ತು. ಅದು ಸುಳ್ಳಿನ ನೀರಲ್ಲ. ಅವನು ನಿಜವಾಗಿಯೂ ಹಗುರಾಗಿದ್ದ. ನನಗೆ ಸಹಿಸಲಾಗದ್ದು ಅದೇ.

ಹಾಡು ನಮ್ಮೂರಿನ ಫೋನುಗಳಿಗೂ ಬಂತು. ಮೂರು ಜನ ರಿಂಗ್‌ಟೋನ್ ಮಾಡಿಕೊಂಡರು. ಓಲೆಯ ಸಾಲನ್ನು ಕೇಳಿದವರು, ಇಂಥ ಹಾಡಿನಲ್ಲಿ ಹಾಗೆಲ್ಲ ಸೇರಿಸುತ್ತಾರೆ, ಸಿನಿಮಾ ಡೈಲಾಗಿನ ಹಾಗೆ ಎಂದರು. ಅಪ್ಪ ಮಾತ್ರ ಆ ಸಾಲು ತೆಗೆಯಬೇಕೆಂದು ಹಟ ಹಿಡಿದರು. ಯೇಸುವಿನ ಹದಿನಾಲ್ಕು ಹೆಸರಿನ ಬಗ್ಗೆ ಅವರ ತಕರಾರಿರಲಿಲ್ಲ. ಮನೆಯ ಮಾತು ಮೈಕಿಗೆ ಹೋಗಬಾರದು ಎಂಬುದಷ್ಟೇ ಅವರ ವಾದ.

ಆ ಜಗಳ ನಡೆದಷ್ಟು ಹೊತ್ತೂ ಅವ್ವ ಅವರೆಕಾಳು ಹಿಚುಕುತ್ತಾ ಕೂತಿದ್ದಳು. ಓಲೆ ಅವಳದು. ಮಗನೇ ಕದ್ದದ್ದು ಎಂದು ಕೇಳಿದ ತಾಯಿ ಒಂದು ಪ್ರಶ್ನೆಯನ್ನಾದರೂ ಕೇಳಬೇಕಲ್ಲ. ಕೇಳಲಿಲ್ಲ. ಆಮೇಲೆ ನಾನೇ ಹತ್ತಿರ ಹೋಗಿ ಕೂತಾಗ, ತಲೆಯೆತ್ತದೆ ಹೇಳಿದಳು:

“ಗಿರವಿ ಚೀಟಿ ಅವ್ನ್ ಪ್ಯಾಂಟಲ್ಲಿ ಸಿಕ್ಕಿತ್ತು ಕಣೆ. ಬಟ್ಟೆ ಒಗೆಯಾಗ. ಅಷ್ಟೊತ್ಗೆ ಅವ್ಳ್ ಕೈ ಮುರ್ದೋಗಿತ್ತು. ಇನ್ನೇನ್ ಯೇಳದು.”

ಮತ್ತೆ ಕಾಳು ಹಿಚುಕಿದಳು.

ಆ ದಿನ ನಾನು ಹಳೆಯ ನೋಟ್‌ಬುಕ್ಕುಗಳನ್ನು ತೆಗೆದು ಮೊದಲಿನಿಂದ ನೋಡಿದೆ. ಬಂದವರು, ಹೋದವರು, ನೆಂಟರು, ಕೂಲಿಯವರು, ಬಳೆ ಮಾರುವವಳು, ಎಲ್ಲರ ಹೊತ್ತೂ ಇದೆ. ಅಣ್ಣ ಮನೆಗೆ ಬಂದ, ಹೋದ ಎಂದು ಒಂದು ಕಡೆಯೂ ಇಲ್ಲ. ಮನೆಯವರನ್ನು ನಾನು ಎಂದೂ ಬರೆದಿರಲಿಲ್ಲ. ಆ ಮಂಗಳವಾರ ಅವನು ನಾಲ್ಕೂವರೆಯ ಸುಮಾರಿಗೆ ಮನೆಗೆ ಬಂದು, ಮಜ್ಜಿಗೆ ಕುಡಿದು, ಹತ್ತು ನಿಮಿಷದಲ್ಲಿ ಹೊರಟದ್ದು ನನಗೆ ಈಗ ಚೆನ್ನಾಗಿ ನೆನಪಿದೆ. ಮಜ್ಜಿಗೆ ಕೊಟ್ಟವಳು ನಾನೇ. ಆದರೂ ‘ಬೇರೆ ಯಾರೂ ಬಂದಿಲ್ಲ’ ಎಂದು ಬರೆದಿದ್ದೆ. ಅವನು ನನ್ನ ಲೆಕ್ಕದಲ್ಲಿ ಯಾರೂ ಅಲ್ಲ, ಮನೆಯವನು.

ಅಣ್ಣನ ‘ಮುಂದಿನ ವಾರ’ ಏಳಾದ ಮೇಲೆ, ಒಂದು ಬುಧವಾರ ಬೆಳಿಗ್ಗೆಯ ಡೇರಿ ಮುಗಿಸಿ ನಾನು ಪಕ್ಕದ ಊರಿನ ದಾರಿಯಲ್ಲಿ ಹೋಗಿ ನಿಂತೆ. ದೊಡ್ಡವ್ವ ಖಾಲಿ ಕ್ಯಾನು ಹಿಡಿದು ವಾಪಸು ಬರುತ್ತಿದ್ದಳು. ಅವಳ ಜೊತೆ ಮಾತಾಡಿ ಎರಡು ವರ್ಷವಾಗಿತ್ತು. ಏನು ಹೇಳಬೇಕೆಂದು ತಿಳಿಯದೆ ಹಾಡು ಹಾಕಿದೆ. ನಡುದಾರಿಯಲ್ಲೇ ನಿಂತು ಪೂರ್ತಿ ಕೇಳಿದಳು.

“ನಿಮ್ಮಣ್ಣ ಅಲ್ವಾ. ಯಾಕಿಂಗೆ ನಾಯಿ ಅಟ್ಟಿಸ್ಕಂಡ್ ಬಂದಂಗ್ ಮಾತಾಡ್ತನೆ?”

ಆ ಸಾಲನ್ನು ನಾನೇ ನಿಧಾನವಾಗಿ ಹೇಳಿದೆ. ಓಲೆ ಕದ್ದದ್ದು ಅಣ್ಣ ಎಂದೆ. ನಾನು ಬರೆದದ್ದು ತಪ್ಪು ಎಂದೆ. ಅವಳು ಆಶ್ಚರ್ಯಪಡಲಿಲ್ಲ. ಕದ್ದದ್ದು ತಾನಲ್ಲ ಎಂಬುದು ಅವಳಿಗೆ ಮೊದಲೇ ಗೊತ್ತಿದ್ದ ಸಂಗತಿ. ಅವಳು ಕೇಳಿದ್ದು ಬೇರೆ:

“ಅವ್ನ್ ದೇವ್ರು ಅವ್ನ್ನ ಕ್ಸಮಿಸ್ಬುಟ್ನಾ?”

“ಹಂಗಂತಾನೆ.”

“ಒಳ್ಳೇದೇ ಆತು ಬುಡು. ನೀನೊಂದ್ ಕೆಲ್ಸ ಮಾಡು ಮಗ. ಅವತ್ತ್ ಎಲ್ಲಿ ನಿನ್ ಬುಕ್ಕ ಓದುದ್ರೋ ಅಲ್ಲೇ ಇದ್ನೂ ಓದು.”

ಮಾರನೇ ಬೆಳಿಗ್ಗೆ ಓದಿದೆ. ನಮ್ಮ ಡೇರಿ ಅರಳಿಕಟ್ಟೆಗೆ ಅಂಟಿಕೊಂಡೇ ಇದೆ. ಅಂದು ಕಟ್ಟೆಯ ಮೇಲಿದ್ದ ಹನ್ನೊಂದು ಜನರಲ್ಲಿ ಒಂಬತ್ತು ಜನ ಹಾಲು ಹಾಕಲು ಬರುವವರೇ. ಎಲ್ಲರೂ ಬರುವವರೆಗೆ ಕಾದು, ಕಟ್ಟೆ ಹತ್ತಿ, ಹಳೆಯ ಪುಟ ಓದಿದೆ. ಆಮೇಲೆ ಅಣ್ಣ ಬಂದು ಹೋದ ಹೊತ್ತು, ಮಜ್ಜಿಗೆ, ಅವನು ಒಪ್ಪಿಕೊಂಡ ಮಾತು, ಎಲ್ಲ ಹೇಳಿದೆ. ಕೊನೆಗೆ ಫೋನಿನಲ್ಲಿ ಆ ಸಾಲನ್ನೂ ಕೇಳಿಸಿದೆ.

ಆಮೇಲೆ ಗುಡಿಯ ಪೂಜೆಯ ಸರದಿ ನೋಡಿಕೊಳ್ಳುವ ಹಿರಿಯರು, ನನಗೆ ಕಕ್ಕುಲಾತಿಯಿಂದ ಬುದ್ಧಿ ಹೇಳುವವರ ಹಾಗೆ ಕೇಳಿದರು:

“ಅಂಗಾರೆ ಕೈ ಯಾಕ್ ಮುರೀತವ್ವ?”

ನಾನು ಪಾಚಿ ಎಂದೆ. ನಲ್ಲಿಯ ಹತ್ತಿರ ಊರಿನವರೆಲ್ಲ ಜಾರಿದ್ದಾರೆ ಎಂದೆ.

“ನಿಮ್ಮಣ್ಣ ಆ ದೇವ್ರ್ ಸೇರವ್ನೆ, ಅಲ್ಲಿ ಅಂಗೇ ಯೇಳಿಸ್ತರೆ. ನಮ್ ಮಾರಮ್ಮ ಅನ್ನೆರಡ್ನೇ ದಿನಕ್ಕೇ ತೋರ್ಸಿಲ್ವಾ?”

ಉಳಿದವರು ತಲೆಯಾಡಿಸಿದರು. ಹೊತ್ತಾಯಿತು, ಹಾಲು ಅಳೆ ಎಂದು ಹಿಂದಿನಿಂದ ಯಾರೋ ಅಂದರು. ಕೆಳಗಿಳಿದು ಅಳೆದೆ. ಕದ್ದವನೇ ಒಪ್ಪಿಕೊಂಡದ್ದಕ್ಕಿಂತ ಮುರಿದ ಕೈ ಅವರಿಗೆ ದೊಡ್ಡ ಸಾಕ್ಷಿಯಾಗಿತ್ತು. ಆ ಸಾಕ್ಷಿಗೆ ದಿನದ ಲೆಕ್ಕ ಕೊಟ್ಟವಳು ನಾನು.

ಅಣ್ಣನಿಗೆ ಫೋನಿನಲ್ಲಿ ಹೇಳಿದೆ. ಅವನು ಅರಕಲಗೂಡಿನಲ್ಲಿ ಲೋಡಿಗೆ ಕಾಯುತ್ತಿದ್ದ. ನೋಡಿದೆಯಾ, ಹೇಳಿದರೂ ನಂಬುವುದಿಲ್ಲ, ಇನ್ನು ನಾನು ಹೋಗಿ ಏನು ಪ್ರಯೋಜನ ಎಂದ. ಬೇಸರದಿಂದಲೇ ಹೇಳಿದ. ಆದರೆ ಅವನ ದನಿ ಸಡಿಲಾದದ್ದು ನನಗೆ ಕೇಳಿಸಿತು. ಆಮೇಲೆ ಅವನು ‘ಮುಂದಿನ ವಾರ’ ಎನ್ನಲಿಲ್ಲ. ಲೆಕ್ಕ ಏಳಕ್ಕೇ ನಿಂತಿದೆ. ಹಾಡು ಮಾತ್ರ ನಡೆಯುತ್ತಿದೆ. ಮೊನ್ನೆ ಹಾಸನದ ಬಸ್ಸಿನಲ್ಲಿ ಯಾರದೋ ಫೋನಿನಿಂದ ಕೇಳಿದ್ದು ಅರವತ್ತೊಂದನೆಯದು.

ಕಟ್ಟೆಯ ಮೇಲೆ ಓದಿದ ಮಾರನೇ ದಿನ, ಶುಕ್ರವಾರ, ಮತ್ತೆ ಆ ದಾರಿಯಲ್ಲಿ ನಿಂತಿದ್ದೆ. ದೊಡ್ಡವ್ವ ತುಂಬಿದ ಕ್ಯಾನು ಹಿಡಿದು ಬಂದಳು. ಏನಂದರು ಎಂದು ಕೇಳಿದಳು. ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಹನ್ನೆರಡನೇ ದಿನದ ಮಾತನ್ನೂ ಬಿಡಲಿಲ್ಲ. ಅವಳು ಕ್ಯಾನು ಕೆಳಗಿಟ್ಟು, ಸೊಟ್ಟಗಾದ ಮಣಿಕಟ್ಟನ್ನು ಇನ್ನೊಂದು ಕೈಯಲ್ಲಿ ನೀವಿಕೊಂಡಳು.

“ಅನ್ನೆರಡು ಅಂತ ಎಣಿಸ್ದೋರ್ ಯಾರ್ ಮಗ?”

“ನಾನೇ ದೊಡ್ಡವ್ವ.”

ಅವಳು ಎಡಗೈಯಲ್ಲಿ ಕ್ಯಾನು ಎತ್ತಿಕೊಂಡು ಪಕ್ಕದ ಊರಿನ ಕಡೆ ನಡೆದಳು. ಡೇರಿಗೆ ಬಂದು ಅವಳ ಹೆಸರಿನ ಮುಂದೆ ಆ ದಿನದ ಅಡ್ಡಗೆರೆ ಹಾಕಿದೆ.