ಕೀಲಿ ವಾಪಸು ಬಂತು, ಮುದ್ರೆ ಉಳಿಯಿತು

ಕೂತಲ್ಲಿ ಕೂರುವ ಜಾಯಮಾನ ಅವಳದಲ್ಲ. ಊಟಕ್ಕೆ ಕೂತರೂ ನಡುವೆ ಎದ್ದು ಹೋಗಿ ಗ್ಯಾಸ್ ಆರಿದೆಯೇ ಎಂದು ನೋಡಿ ಬರುತ್ತಾಳೆ. "ಕುರ್ಚಿ ಏನಾದ್ರೂ ಕಚ್ಚುತ್ತಾ ನಿನ್ನ?" ಎಂದು ಅತ್ತೆ ಕೇಳಿ ಕೇಳಿ ಸುಸ್ತಾಗಿದ್ದಾರೆ. ಕಚೇರಿಯಲ್ಲಿ ಅವಳಿಗೆ ಬೀಗದಮ್ಮ ಎಂದು ಹೆಸರು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಆದರೆ ಅವಳಿಗೆ ಗೊತ್ತು, ಗೊತ್ತಿದೆಯೆಂದು ಅವರಿಗೂ ಗೊತ್ತು.

ಹೆಸರು ಬಂದದ್ದು ಕೆಲಸದಿಂದ. ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಹನಿಹನಿಯಾಗಿ ಔಷಧಿ ಬಿಡುವ ಪಂಪು ತಯಾರಿಸುವ ಕಂಪನಿ ಅದು. ಪಂಪಿನೊಳಗಿನ ಪುಟ್ಟ ಕಂಪ್ಯೂಟರಿನ ಕರ್ನಲ್, ಅಂದರೆ ಮಿಕ್ಕ ಪ್ರೋಗ್ರಾಮುಗಳನ್ನೆಲ್ಲ ಅಂಕೆಯಲ್ಲಿಡುವ ಮೂಲ ಪ್ರೋಗ್ರಾಮು, ಅವಳ ಕೈಕೂಸು. ಮೆಮೊರಿಯನ್ನು ಪುಟಪುಟವಾಗಿ ಹಂಚಿ, ಪ್ರತಿ ಪುಟದ ಮೇಲೂ ಒಂದು ಕೀಲಿಯ ಸಂಖ್ಯೆಯನ್ನು ಮುದ್ರೆಯೊತ್ತಿ ಇಡಲಾಗುತ್ತದೆ. ಔಷಧಿಯ ಪ್ರಮಾಣವಿರುವ ಪುಟದ ಕೀಲಿ ಪ್ರಮಾಣ ನೋಡಿಕೊಳ್ಳುವ ಭಾಗದ ಬಳಿ ಮಾತ್ರ ಇರಬೇಕು. ಪರದೆಗೆ ಅಕ್ಷರ ಬರೆಯುವ ಭಾಗಕ್ಕೆ ಆಗಾಗ ಸಾಲು ಮೀರಿ ಬರೆಯುವ ಹಳೇ ಚಾಳಿ. ಅದು ಅಪ್ಪಿತಪ್ಪಿ ಔಷಧಿಯ ಪುಟಕ್ಕೆ ಕೈ ಹಾಕಿದರೆ ಚಿಪ್ ತಾನೇ ತಡೆಯುತ್ತದೆ. ತಾಪತ್ರಯವೆಂದರೆ ಚಿಪ್‌ನಲ್ಲಿರುವುದು ಹದಿನಾರೇ ಕೀಲಿ, ಅದರಲ್ಲೂ ಒಂದು ಎಲ್ಲರದ್ದು. ಹಾಗಾಗಿ ಕೆಲಸ ಮುಗಿದವರು ಕೀಲಿ ವಾಪಸು ಕೊಡಬೇಕು, ಕರ್ನಲ್ ಅದನ್ನು ಸರದಿಯ ಪ್ರಕಾರ ಇನ್ನೊಬ್ಬರಿಗೆ ಕೊಡಬೇಕು.

ಅವಳ ತಲೆಗೆ ಹುಳ ಹೊಕ್ಕಿದ್ದು ಇಲ್ಲೇ. ಕೀಲಿ ವಾಪಸು ಬಂದಾಗ ಕರ್ನಲ್ ಆ ಸಂಖ್ಯೆ ಖಾಲಿ ಎಂದು ಗುರುತು ಮಾಡಿಕೊಳ್ಳುತ್ತದೆ, ಅಷ್ಟೇ. ಯಾವುದಾದರೂ ಪುಟದ ಮೇಲೆ ಅದರ ಮುದ್ರೆ ಉಳಿದಿದೆಯೇ ಎಂದು ಹುಡುಕಿಕೊಂಡು ಹೋಗುವುದಿಲ್ಲ. ಹೋದರೆ ಪಂಪು ತಡವರಿಸುತ್ತದೆ. ಮುದ್ರೆ ಅಳಿಸುವುದು ಕೀಲಿ ವಾಪಸು ಕೊಡುವವರ ಹೊಣೆ ಎಂದು ಅವಳೇ ನಿಯಮ ಮಾಡಿದ್ದಳು. ಅವರು ಒಂದು ಪುಟ ಮರೆತರೆ? ಆ ಸಂಖ್ಯೆ ಸುತ್ತಿ ಬಳಸಿ ಪರದೆಯ ಭಾಗದ ಪಾಲಿಗೆ ಬಂದರೆ? ಔಷಧಿಯ ಪುಟ ಅದಕ್ಕೆ ಬಾಗಿಲು ತೆರೆದಿಟ್ಟ ಮನೆಯಾಗುತ್ತದೆ.

"ತಿಂಗಳುಗಟ್ಟಲೆ ಟೆಸ್ಟ್ ಮಾಡಿದ್ದೀವಿ ಕಣೇ, ಒಂದು ಸಲಾನೂ ಹಾಗಾಗಿಲ್ಲ," ಎಂದ ಗಂಡ. ಅದೇ ಕಂಪನಿಯ ಪರೀಕ್ಷಾ ವಿಭಾಗದ ಮುಖ್ಯಸ್ಥ ಅವನು. ಶಿಸ್ತೆಂದರೆ ಶಿಸ್ತು. ಸಂಜೆ ಹೊರಡುವ ಮುನ್ನ ಪ್ರಯೋಗಾಲಯದ ಪಂಪುಗಳನ್ನು ಒಂದೊಂದಾಗಿ ತಾನೇ ಆರಿಸಿ, ಬಟ್ಟೆಯಿಂದ ಒರೆಸಿದ ಮೇಲೆಯೇ ಅವನಿಗೆ ಸಮಾಧಾನ.

ಆ ಶುಕ್ರವಾರ ಅವಳು ಬಾಗಿಲಲ್ಲಿ ಚಡಪಡಿಸುತ್ತ ಅವನಿಗಾಗಿ ಕಾಯುತ್ತಿದ್ದಳು. ಅವನು ಮೊದಲ ಪಂಪು ಆರಿಸಿದ, ಎರಡನೆಯದು ಆರಿಸಿದ. ಅವಳಿಗೆ ಥಟ್ಟನೆ ಹೊಳೆಯಿತು. ಪಂಪು ಆರಿದರೆ ಕೀಲಿಗಳ ಸರದಿ ಮತ್ತೆ ಮೊದಲಿನಿಂದ ಶುರು. ಎಲ್ಲ ಕೀಲಿಗಳ ಸುತ್ತು ಮುಗಿದು ಹಳೆಯ ಸಂಖ್ಯೆ ಮರಳಿ ಬರುವಷ್ಟು ಹೊತ್ತು ಇಲ್ಲಿನ ಯಾವ ಪಂಪೂ ಎಂದೂ ಓಡಿರಲಿಲ್ಲ. ಆಸ್ಪತ್ರೆಯಲ್ಲಿ ಸಂಜೆಯಾಯಿತೆಂದು ಯಾರು ಪಂಪು ಆರಿಸುತ್ತಾರೆ? ಆ ವಾರವಷ್ಟೇ ನಾಲ್ಕು ಪಂಪು ಒಂದು ಆಸ್ಪತ್ರೆಗೆ ಹೋಗಿದ್ದವು.

"ರೀ, ಅದೊಂದನ್ನ ಆರಿಸ್ಬೇಡಿ."

"ಯಾಕೆ?"

"ಸುಮ್ನೆ. ಎರಡು ದಿನ ಓಡ್ಲಿ. ನಡುನಡುವೆ ತಾನೇ ಅಲಾರಂ ಹೊಡ್ಕೊಳ್ಳೋ ಹಾಗೆ ಇಡಿ. ಅಲಾರಂ ಆದಾಗಲೆಲ್ಲ ಕೀಲಿ ಕೈ ಬದಲಾಗುತ್ತೆ."

ಅವನೇನು ದಡ್ಡನಲ್ಲ. ಮುಖ ಕಪ್ಪಿಟ್ಟಿತು. "ಇಷ್ಟು ದಿನ ನಾನು ಮಾಡಿದ್ದು ಆಟ ಅಂತಾನಾ?"

ಆದರೂ ಅವನು ಸ್ವಿಚ್ಚಿನಿಂದ ಕೈ ತೆಗೆದ.

ಶನಿವಾರ ಇಡೀ ದಿನ ಅವನು ಪೇಪರಿನ ಹಿಂದೆ ಮುಖ ಹುದುಗಿಸಿದ್ದ. ಅವಳು ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ಅಲೆದಳು. "ನೆಲ ಸವೆದು ಹೋಗುತ್ತೆ, ಎಲ್ಲಾದ್ರೂ ಒಂದು ಕಡೆ ಕೂತ್ಕೊಳ್ಳಮ್ಮ," ಎಂದರು ಅತ್ತೆ. ತನ್ನ ಅನುಮಾನ ಸುಳ್ಳಾಗಲಿ ಎಂದು ಅವಳಿಗೆ ಆಸೆಯಿತ್ತು. ನಿಜವಾಗಲಿ ಎಂದೂ ಇತ್ತು. ಅದಕ್ಕೇ ಅವಳಿಗೆ ತನ್ನ ಮೇಲೆಯೇ ಸಿಟ್ಟು.

ಭಾನುವಾರ ಮಧ್ಯಾಹ್ನ ತಡೆಯಲಾರದೆ ಚಪ್ಪಲಿ ಮೆಟ್ಟಿದಳು. ಅವನೂ ಹಿಂದೆ ಬಂದ.

ಪ್ರಯೋಗಾಲಯದಲ್ಲಿ ಪಂಪು ತನ್ನ ಪಾಡಿಗೆ ಗುಂಯ್‌ಗುಡುತ್ತಿತ್ತು. ಪರದೆಯ ಮೇಲೆ ಗಂಟೆಗೆ ಐದು ಮಿಲಿಲೀಟರ್ ಎಂದೇ ಇತ್ತು. ಕೆಳಗಿಟ್ಟ ಅಳತೆಯ ಗಾಜು ಮಾತ್ರ ತುಂಬಿ ಚೆಲ್ಲಿ, ಮೇಜೆಲ್ಲ ನೀರು. ಅವಳು ಮೆಮೊರಿ ತೆರೆದು ನೋಡಿದಳು. ಪ್ರಮಾಣದ ಜಾಗದಲ್ಲಿ ಮೂವತ್ತೆರಡು. ಎರಡು ಪದಗಳ ನಡುವೆ ಬಿಡುವ ಖಾಲಿ ಜಾಗಕ್ಕೆ ಕಂಪ್ಯೂಟರು ಇಟ್ಟುಕೊಂಡ ಸಂಖ್ಯೆ ಅದು. ಪರದೆಯ ಭಾಗ ಸಾಲು ಮೀರಿ ಒಂದು ಖಾಲಿ ಜಾಗ ಬರೆದಿತ್ತು. ಪಂಪು ಅದನ್ನೇ ಔಷಧಿಯ ಲೆಕ್ಕವೆಂದು ನಂಬಿ ಸುರಿದಿತ್ತು. ಪರದೆ ಮಾತ್ರ ಮೊದಲು ಬರೆದಿಟ್ಟ ಐದನ್ನೇ ತೋರಿಸುತ್ತಿತ್ತು.

ನಾನು ಹೇಳಿದ್ದೇ ಸರಿ ಎಂದು ಅವಳಿಗೆ ಒಂದು ಕ್ಷಣ ಖುಷಿಯಾಯಿತು. ಗಂಡನ ಮುಖ ನೋಡಿ ನಾಚಿಕೆಯಾಯಿತು. ಅವನು ಆಗಲೇ ಆಸ್ಪತ್ರೆಗೆ ಫೋನ್ ಹಚ್ಚಿದ್ದ.

"ಸಿಸ್ಟರ್, ನಮ್ಮ ಹೊಸ ಪಂಪು ಈಗ ಯಾರಿಗಾದ್ರೂ ಹಾಕಿದ್ದೀರಾ?"

"ಇಲ್ಲೊಂದು ಹಾಕಿದ್ದೀವಿ. ನಿನ್ನೆ ಆಪರೇಷನ್ ಆದವರಿಗೆ. ಯಾಕೆ?"

"ಪರದೆ ನೋಡ್ಬೇಡಿ. ಬಾಟಲಿ ನೋಡಿ, ಔಷಧಿ ಎಷ್ಟು ಉಳಿದಿದೆ ಹೇಳಿ."

"ಹಿಡ್ಕೊಳ್ಳಿ."

ಫೋನಿನಲ್ಲಿ ಹೆಜ್ಜೆಯ ಸಪ್ಪಳ ದೂರವಾಯಿತು. ಅವನು ಗೋಡೆಗೆ ಒರಗಿ ಕಣ್ಣು ಮುಚ್ಚಿದ. ಸಿಸ್ಟರ್ ಮರಳಿ ಬಂದರು.

"ಇರ್ಬೇಕಾದಷ್ಟೇ ಇದೆ ಸಾರ್."

"ಈಗ್ಲೇ ಅದನ್ನ ತೆಗೆದು ಹಳೇ ಪಂಪು ಹಾಕಿ. ತಪ್ಪಾಗಿದೆ. ನಾನು ಸರಿಯಾಗಿ ಪರೀಕ್ಷೆ ಮಾಡಿಲ್ಲ."

ಅವಳು ಅವನ ತೋಳು ಹಿಡಿದಳು. "ನಿಯಮ ಮಾಡಿದ್ದು ನಾನು. ಒಬ್ರೇ ಹೊತ್ಕೊಳ್ಬೇಡಿ."

ಅವನು ಅವಳ ಕಡೆ ನೋಡಿ ಹೂಂ ಎಂಬಂತೆ ತಲೆಯಾಡಿಸಿದ. ಫೋನ್ ಮಾತ್ರ ಕೆಳಗಿಡಲಿಲ್ಲ.

"ಸಿಸ್ಟರ್, ಇನ್ನು ಮೂರು ಪಂಪು ಯಾವ ವಾರ್ಡಲ್ಲಿವೆ?"