ಬಲಗಾಲಿನ ತುಳಿತ

ಇದನ್ನು ನಂಬಿಸಲು ನನ್ನ ಬಳಿ ಏನೂ ಇಲ್ಲ. ಆದರೆ ನಡೆದದ್ದು ನಿಜ. ಕೇಳಿಸಿದ್ದನ್ನು ಕೇಳಿಸಿದಷ್ಟೇ ಬರೆಯುತ್ತೇನೆ.

ಅಪ್ಪ ನಾಟಕದ ಮಾಸ್ತರ. ರಾಯಚೂರಿನ ನಮ್ಮ ಮನೆಯ ಮೂಲೆಯಲ್ಲಿ ಅವನ ಕಾಲುಪೆಟಿಗೆ ಇತ್ತು. ಕಾಲಿನಿಂದ ತಿದಿ ತುಳಿದು ನುಡಿಸುವ ದೊಡ್ಡ ಹಾರ್ಮೋನಿಯಂ. ಲಕ್ವ ಹೊಡೆದು ಎಡಗಾಲು ಸ್ವಾಧೀನ ತಪ್ಪಿದ ಮೇಲೆ ಬಲಗಾಲೊಂದರಿಂದಲೇ ತುಳಿಯುತ್ತಿದ್ದ. ಕಿರ್ರ್... ಒಂದು ಬಿಡುವು... ಮತ್ತೆ ಕಿರ್ರ್.

ಅವನು ತೀರಿಕೊಂಡ ಮೇಲೂ ಅವ್ವ ದಿನಾ ಸಂಜೆ ಪೆಟಿಗೆ ಒರೆಸಿ, ಅದರ ಮುಂದೆ ತಾಟು ಇಟ್ಟುಕೊಂಡು ಕೂರುತ್ತಿದ್ದಳು. ತುತ್ತು ಮುಟ್ಟುತ್ತಿರಲಿಲ್ಲ. ಸೊರಗಿ ಕಡ್ಡಿಯಾಗಿದ್ದಳು. ಪೆಟಿಗೆ ಹೋದರೆ ಉಂಡಾಳು ಎಂದು ಸಿರವಾರದ ನಾಟಕದವರಿಗೆ ಒಯ್ಯಲು ಹೇಳಿದೆ. ಅವ್ವ ಬೇಡ ಎನ್ನಲಿಲ್ಲ.

"ಸ್ವಚ್ಛ ಮಾಡಿ ಕೊಡು. ಮಾಸ್ತರ ಪೆಟಿಗಿ ಧೂಳು ಹಿಡದಿತ್ತು ಅನ್ನಬಾರದು ಮಂದಿ."

ಅವರು ಒಯ್ಯುವ ಹಿಂದಿನ ಸಂಜೆ ಬಿಚ್ಚಲು ಕುಳಿತೆ. ಹಿತ್ತಾಳೆಯ ರೀಡುಗಳನ್ನು ಒಂದೊಂದಾಗಿ ಎಳೆದು ಪೇಪರಿನ ಮೇಲೆ ಸಾಲಾಗಿ ಜೋಡಿಸಿ, ಮೆತ್ತನೆಯ ಬ್ರಷ್ಷಿನಿಂದ ಧೂಳು ತೆಗೆದೆ. ಎರಡೂ ಪೆಡಲುಗಳನ್ನು ಕಳಚಿ ಗೋಡೆಗೆ ಒರಗಿಸಿದೆ. ಹಳೆಯ ತೊಗಲು, ಡಾಂಬರ ಗುಳಿಗೆಯ ವಾಸನೆ. ಅಪ್ಪನ ವಸ್ತು ಎಂದು ಅಳು ಬರಬೇಕಿತ್ತು. ಬರಲಿಲ್ಲ. ಅವನು ಹೋದಾಗಿನಿಂದ ನನಗೆ ಏನೂ ಬರುತ್ತಿರಲಿಲ್ಲ.

ಕತ್ತಲಾಗುತ್ತಲೇ ಕರೆಂಟು ಹೋಯಿತು. ಫ್ಯಾನು ನಿಂತಿತು.

ಕಿರ್ರ್...

ಬಿಡುವು.

ಕಿರ್ರ್...

ಮೊಬೈಲಿನ ಬೆಳಕು ಬಿಟ್ಟೆ. ಪೆಡಲುಗಳು ಗೋಡೆಗೇ ಒರಗಿದ್ದವು, ಅಲುಗಾಡದೆ. ಪೆಟಿಗೆಯೊಳಗೆ ಮಾತ್ರ ತಿದಿ ಉಬ್ಬಿತು... ಇಳಿಯಿತು. ರೀಡಿಲ್ಲದ ತೂತುಗಳಿಂದ ಬೆಚ್ಚಗಿನ ಗಾಳಿ ಬಂದು ನನ್ನ ಮಣಿಕಟ್ಟಿಗೆ ತಾಗಿತು. ಅದರಲ್ಲಿ ಅಪ್ಪ ಜಗಿಯುತ್ತಿದ್ದ ಎಲೆ-ಅಡಿಕೆಯ ವಾಸನೆ ಇತ್ತು.

ಅಡುಗೆಮನೆಯ ಕತ್ತಲಿನಿಂದ ಅವ್ವ ಮೆಲ್ಲಗೆ ಕೇಳಿದಳು, "ನಿನಗೂ ಕೇಳಾಕತ್ತದೇನ?"

"ಏನವ್ವ?"

"ಹ್ಞೂಂ ಅನ್ನು, ಸಾಕು. ಇಷ್ಟು ದಿನ ನನಗೊಬ್ಬಾಕಿಗೇ ಹುಚ್ಚು ಹಿಡದದ ಅಂತ ಮಾಡಿದ್ದೆ."

"ಹ್ಞೂಂ," ಅಂದೆ.

ಅವಳು ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ತಾಟಿನ ಸಪ್ಪಳ.

"ಹಂಗಾರ ಇನ್ನ ನಿಮ್ಮಪ್ಪನ್ನ ನೀ ನೋಡ್ಕೋ. ನನಗ ಹೊಟ್ಟಿ ಹಸದದ."

ಆ ರಾತ್ರಿ ಅವ್ವ ಎರಡು ರೊಟ್ಟಿ ತಿಂದು, ಗೊರಕೆ ಹೊಡೆಯುತ್ತ ಮಲಗಿದಳು.

ಬೆಳಿಗ್ಗೆ ರೀಡು, ಪೆಡಲು ಎಲ್ಲ ಜೋಡಿಸಿ ಪೆಟಿಗೆ ಕಳಿಸಿದೆ. ಅವ್ವ ಈಗ ಮೈತುಂಬಿಕೊಂಡಿದ್ದಾಳೆ. ಅವಳಿಗೆ ಆ ಸಪ್ಪಳ ಕೇಳುವುದಿಲ್ಲವಂತೆ.

ಕರೆಂಟು ಹೋದಾಗಲೆಲ್ಲ ಆ ಖಾಲಿ ಮೂಲೆಯಿಂದ ನನಗೆ ಕೇಳುತ್ತದೆ. ಹೆದರಿಕೆಯೂ ಆಗುವುದಿಲ್ಲ. ಹೋಗಿ ಅಲ್ಲಿ ಕೂರುತ್ತೇನೆ...

"ಯಾಕ ಸೊರಗಾಕತ್ತೀಯಲೇ? ಉಣ್ಣು ಬಾ," ಎಂದು ನಿನ್ನೆ ಅವ್ವ ಕರೆದಳು.

ಹಸಿವಿಲ್ಲ ಎಂದೆ.